ಕರಿಕೋಟಿನ ಅರ್ಜಿ: ಯಾವಾಗ, ಎಲ್ಲಿಗೆ?

ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್‌ನಲ್ಲಿ, ಫಲಿತಾಂಶ ಏಪ್ರಿಲ್‌ನಲ್ಲಿ. ಅಂಕ ಎಷ್ಟು ಬಂತೆಂದು ನೋಡಿಕೊಂಡು ‘ಮುಂದೇನು ಓದಿಸೋದು’ ಎಂಬ ಮಾತು ತೆಗೆಯುವುದು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರುಗಳ ಹಳೆಯ ರೂಢಿ. ಬಿ.ಎ., ಬಿ.ಕಾಂ.ಗೆ ಇದರಿಂದ ನಷ್ಟವೇನಿಲ್ಲ. ಆದರೆ ಆ ಹೊತ್ತಿಗೆ ಮಗಳು ‘ನಾನು ಲಾ ಓದ್ತೀನಿ, ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿಗೆ ಹೋಗ್ತೀನಿ’ ಎಂದರೆ ಕಾಲ ಮಿಂಚಿರುತ್ತದೆ. ದೇಶದ ಎರಡು ಡಜನ್‌ನಷ್ಟು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಪ್ರವೇಶ ಕೊಡುವ ಕ್ಲಾಟ್ ಪರೀಕ್ಷೆ ಮುಗಿದೇ ನಾಲ್ಕು ತಿಂಗಳಾಗಿರುತ್ತದೆ. ಅದರ ಅರ್ಜಿಯ ಗಡುವು ಅದಕ್ಕೂ ಹಿಂದೆ, ಅಕ್ಟೋಬರ್ ಆಸುಪಾಸಿನಲ್ಲೇ ದಾಟಿರುತ್ತದೆ.

ಹೀಗಾದದ್ದು ಈಚೆಗೆ. 2008ರಲ್ಲಿ ಕ್ಲಾಟ್ ಶುರುವಾದಾಗ ಅದು ಬೇಸಿಗೆಯ ಪರೀಕ್ಷೆ. ಪಿಯುಸಿ ಬರೆದು, ಕೈ ತೊಳೆದುಕೊಂಡು, ಆಮೇಲೆ ಓದಬಹುದಿತ್ತು. 2022ರಲ್ಲಿ ಒಂದೇ ವರ್ಷದಲ್ಲಿ ಎರಡು ಕ್ಲಾಟ್ ನಡೆದವು: ಜೂನ್ 19ರಂದು ಆ ಸಾಲಿನದು, ಡಿಸೆಂಬರ್ 18ರಂದು ಮುಂದಿನ ಸಾಲಿನದು. ಅಲ್ಲಿಂದೀಚೆಗೆ ಡಿಸೆಂಬರೇ ಗಟ್ಟಿಯಾಯಿತು. 2023ರಲ್ಲಿ ಡಿಸೆಂಬರ್ 3, 2024ರಲ್ಲಿ ಡಿಸೆಂಬರ್ 1, 2025ರಲ್ಲಿ ಡಿಸೆಂಬರ್ 7. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ನಡೆಸುವ ಐಲೆಟ್ ಪರೀಕ್ಷೆಯೂ ಡಿಸೆಂಬರ್‌ನಲ್ಲೇ.

ಅಂದರೆ ಎಲ್ಲಿಗೆ ಅರ್ಜಿ ಹಾಕಬೇಕೆಂಬುದನ್ನು ಹದಿನೇಳು ವರ್ಷದ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೇ ತೀರ್ಮಾನಿಸಬೇಕು. ಬೆಂಗಳೂರಿನ ಕೋಚಿಂಗ್ ಸೆಂಟರ್‌ಗೆ ಹನ್ನೊಂದನೇ ತರಗತಿಯಿಂದಲೇ ಹೋಗುವ ಮಕ್ಕಳಿಗೆ ಈ ಪಂಚಾಂಗ ಬಾಯಿಪಾಠ. ಅಕ್ಕೂರಿನಿಂದ ಬಸ್ಸು ಹಿಡಿದು ಚನ್ನಪಟ್ಟಣದ ಕಾಲೇಜಿಗೆ ಹೋಗುವವರಿಗೆ ಅದನ್ನು ಹೇಳುವವರೇ ಕಡಿಮೆ. ನಾಗರಭಾವಿ ಇಲ್ಲಿಂದ ಹೆಚ್ಚೆಂದರೆ ಒಂದೆರಡು ಗಂಟೆಯ ದಾರಿ. ದೂರವಾಗಿರುವುದು ಮಾಹಿತಿ.

ಪುಣೆಗೆ ಹೋದವರು, ಬೆಳಗಾವಿಗೆ ಹೋದವರು

ಲಾ ಓದಲು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕಾನೂನು ಕಲಿಯಲು ಪುಣೆಗೆ ಹೋದರು. 1932ರಲ್ಲಿ ಪದವಿ ಪಡೆದು ಬಂದು ವಕೀಲರಾದರು, ಮುಂದೆ ಮುಖ್ಯಮಂತ್ರಿಯಾದರು. ವಿಧಾನಸೌಧ ಕಟ್ಟಿಸಿದ ಮನುಷ್ಯನಿಗೆ ತನ್ನದೇ ಸೀಮೆಯಲ್ಲಿ ಲಾ ಓದುವ ಅನುಕೂಲವಿರಲಿಲ್ಲ. ಬೆಂಗಳೂರಿನ ಸರ್ಕಾರಿ ಲಾ ಕಾಲೇಜು ಶುರುವಾದದ್ದು 1948ರಲ್ಲಿ. ಈಗ ಅದು ಬೆಂಗಳೂರು ವಿಶ್ವವಿದ್ಯಾಲಯದ ಯೂನಿವರ್ಸಿಟಿ ಲಾ ಕಾಲೇಜು.

ಪಕ್ಕದ ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯ ಇ.ಎಸ್. ವೆಂಕಟರಾಮಯ್ಯನವರು ಓದಿದ್ದು ಪುಣೆಯಲ್ಲಿ ಮತ್ತು ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ. 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿ. ಚನ್ನಪಟ್ಟಣ ದಾಟಿದರೆ ಸಿಗುವ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರ ಕಾಲಕ್ಕೆ ಬೆಂಗಳೂರಿನಲ್ಲೇ ಕಾಲೇಜಿತ್ತು. ಅಲ್ಲಿ ಲಾ ಮುಗಿಸಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ ಹೋದರು. ಕರಾವಳಿಯ ಎಸ್. ಅಬ್ದುಲ್ ನಜೀರ್ ಓದಿದ್ದು ಮಂಗಳೂರಿನ ಎಸ್‌ಡಿಎಂ ಲಾ ಕಾಲೇಜಿನಲ್ಲಿ. 2017ರಲ್ಲಿ ಅವರು ಸುಪ್ರೀಂ ಕೋರ್ಟ್ ಪೀಠದಲ್ಲಿ ಕುಳಿತರು.

ಅವರಿಗೆಲ್ಲ ಇದ್ದದ್ದು ಕಾಲೇಜು ಎಲ್ಲಿದೆ, ಹಣ ಎಲ್ಲಿಂದ ಎಂಬ ಎರಡೇ ಚಿಂತೆ. ಈಗಿನವರಿಗೆ ಕಾಲೇಜುಗಳು ಬೇಕಾದಷ್ಟಿವೆ. ಆದರೆ ಒಂದೊಂದರ ಬಾಗಿಲು ಒಂದೊಂದು ತಿಂಗಳಲ್ಲಿ ತೆರೆದು ಮುಚ್ಚುತ್ತದೆ.

ನಾಗರಭಾವಿಯ ಬಾಗಿಲು

ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಯೂನಿವರ್ಸಿಟಿ ಹುಟ್ಟಿದ್ದು ಕರ್ನಾಟಕ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ. ಮೊದಲ ತಂಡ ಪಾಠಕ್ಕೆ ಕುಳಿತದ್ದು 1988ರಲ್ಲಿ, ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ. ಪಿಯುಸಿ ಆದ ಕೂಡಲೇ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ಎಂಬ ಮಾದರಿಯನ್ನು ದೇಶಕ್ಕೆ ಹಬ್ಬಿಸಿದ್ದು ಈ ಸಂಸ್ಥೆ. ಭೋಪಾಲ್, ಹೈದರಾಬಾದ್, ಕೋಲ್ಕತ್ತ, ಜೋಧಪುರಗಳಲ್ಲಿ ಆಮೇಲೆ ಬಂದವೆಲ್ಲ ಇದರ ಅಚ್ಚಿನಲ್ಲೇ ಎದ್ದವು. ಒಂದೊಂದೂ ತನ್ನದೇ ಪರೀಕ್ಷೆ ನಡೆಸುತ್ತಿದ್ದಾಗ ಮಕ್ಕಳು ಊರೂರು ಅಲೆಯಬೇಕಿತ್ತು. ಆ ಅಲೆದಾಟ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಬಂದದ್ದೇ ಕ್ಲಾಟ್.

ಪರೀಕ್ಷೆ ಎರಡು ಗಂಟೆಯದು, 120 ಪ್ರಶ್ನೆ. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಒಂದಿಷ್ಟು ಲೆಕ್ಕ ಎಂದು ಐದು ಭಾಗ. ಕಾನೂನು ಮೊದಲೇ ಓದಿರಬೇಕಿಲ್ಲ. ಉದ್ದುದ್ದ ಇಂಗ್ಲಿಷ್ ಪ್ಯಾರಾ ಕೊಟ್ಟು, ಅದನ್ನು ಎಷ್ಟು ಬೇಗ ಗ್ರಹಿಸುತ್ತೀರಿ ಎಂದು ಅಳೆಯುತ್ತಾರೆ. ಪಿಯುಸಿಯಲ್ಲಿ ಯಾವ ವಿಭಾಗದವರಾದರೂ ಬರೆಯಬಹುದು. ಶೇ 45 ಅಂಕ ಬೇಕು, ಪರಿಶಿಷ್ಟರಿಗೆ ಶೇ 40 ಸಾಕು. ಪಿಯುಸಿ ಪರೀಕ್ಷೆ ಇನ್ನೂ ಬರೆಯದವರೂ ಅರ್ಹರೇ. ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500. ಒಂದು ಪರೀಕ್ಷೆಯ ಫಾರಂಗೆ ಇಷ್ಟು ಹಣ ಕಟ್ಟಬೇಕೆಂಬ ಸುದ್ದಿಯೇ ಎಷ್ಟೋ ಮನೆಗಳಲ್ಲಿ ವಿಷಯವನ್ನು ಅಲ್ಲಿಗೇ ನಿಲ್ಲಿಸುತ್ತದೆ.

ಇಷ್ಟಾದರೂ ಅಕ್ಕೂರಿನ ವಿದ್ಯಾರ್ಥಿಗೆ ಇಲ್ಲೊಂದು ಅನುಕೂಲವಿದೆ. ಅದು ಗೊತ್ತಿಲ್ಲದವರೇ ಹೆಚ್ಚು. ಕರ್ನಾಟಕದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ನಾಗರಭಾವಿಯಲ್ಲಿ ಶೇ 25 ಸಮತಲ ಮೀಸಲಾತಿ ಇದೆ. ಇದರ ಹಿಂದೆ ದೊಡ್ಡ ಜಗ್ಗಾಟವೇ ನಡೆದಿದೆ. ರಾಜ್ಯ ಸರ್ಕಾರ 2020ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಈ ಮೀಸಲಾತಿ ಜಾರಿಗೆ ತಂದಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು. ಮರುವರ್ಷ ಸಂಸ್ಥೆ ತನ್ನದೇ ಯೋಜನೆಯಡಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಪಾಲು ಕೊಟ್ಟಿತು, ಜೊತೆಗೆ ಹಿಂದುಳಿದ ವರ್ಗಗಳಿಗೂ ಆರ್ಥಿಕವಾಗಿ ದುರ್ಬಲರಿಗೂ ಮೀಸಲಾತಿ ತಂದಿತು. ಮೊದಲು ಎಂಬತ್ತರ ಆಸುಪಾಸಿನಲ್ಲಿದ್ದ ಸೀಟುಗಳನ್ನು ಹಂತಹಂತವಾಗಿ ಹೆಚ್ಚಿಸಲಾಗಿದೆ.

ಒಂದನೇ ತರಗತಿಯಿಂದ ಪಿಯುಸಿವರೆಗೆ ಇಲ್ಲೇ ಓದಿದ ಹಳ್ಳಿಯ ಮಕ್ಕಳಿಗೆ ಈ ಹತ್ತು ವರ್ಷದ ಷರತ್ತು ತಾನಾಗಿ ಪೂರೈಸಿರುತ್ತದೆ. ಆದರೆ ಅರ್ಜಿಯಲ್ಲಿ ಹಕ್ಕು ಕೇಳಿಕೊಂಡು, ವ್ಯಾಸಂಗ ಪ್ರಮಾಣಪತ್ರ ಒದಗಿಸಿದರೆ ಮಾತ್ರ ಅದು ದಕ್ಕೀತು. ಸೈಬರ್ ಸೆಂಟರಿನಲ್ಲಿ ಅವಸರದಲ್ಲಿ ಫಾರಂ ತುಂಬಿಸುವಾಗ ಆ ಒಂದು ಚೌಕ ಖಾಲಿ ಉಳಿದರೆ ಮೀಸಲಾತಿ ಕಾಗದದ ಮೇಲಿದ್ದೂ ಇಲ್ಲದಂತೆ.

ಬೇಗ ಬರೆದರೂ ಬೇಗ ಮುಗಿಯಲಿಲ್ಲ

ಡಿಸೆಂಬರ್‌ನಲ್ಲಿ ಬರೆದುಬಿಟ್ಟರೆ ಹೊಸ ವರ್ಷಕ್ಕೆ ನೆಮ್ಮದಿ ಎಂದುಕೊಳ್ಳುವಂತಿಲ್ಲ. 2024ರ ಡಿಸೆಂಬರ್ 1ರಂದು ಪರೀಕ್ಷೆ ಬರೆದವರು ಇದನ್ನು ಅನುಭವಿಸಿಯೇ ಕಲಿತರು. ಪ್ರಶ್ನೆಪತ್ರಿಕೆಯ ಕೆಲವು ಉತ್ತರಗಳೇ ತಪ್ಪು ಎಂಬ ತಕರಾರು ಹೈಕೋರ್ಟುಗಳಿಗೆ ಹೋಯಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಡಿಸೆಂಬರ್‌ನಲ್ಲಿ, ವಿಭಾಗೀಯ ಪೀಠ 2025ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟವು. ಮೇ 7ರಂದು ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿದ ಮೇಲೆಯೇ ಸೀಟು ಹಂಚಿಕೆ. ಅಷ್ಟರಲ್ಲಿ ರಾಜ್ಯದ ಪಿಯುಸಿ ಫಲಿತಾಂಶ ಬಂದು ತಿಂಗಳು ಉರುಳಿತ್ತು. ಕಾನೂನು ಓದಲು ಹೊರಟವರಿಗೆ ಮೊದಲ ಪಾಠ ಕೋರ್ಟಿನಲ್ಲೇ ಸಿಕ್ಕಿತು.

ಇನ್ನೂ ಹಿಂದೆ, 2020ರ ಸೆಪ್ಟೆಂಬರ್‌ನಲ್ಲಿ ನಾಗರಭಾವಿಯ ಸಂಸ್ಥೆ ಕ್ಲಾಟ್ ಬಿಟ್ಟು ‘ಎನ್‌ಲ್ಯಾಟ್’ ಎಂಬ ತನ್ನದೇ ಪರೀಕ್ಷೆ ನಡೆಸಿತು. ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 21ರಂದು ಅದನ್ನು ರದ್ದುಮಾಡಿ, ವಾರದೊಳಗೆ ಕ್ಲಾಟ್ ನಡೆಸಲು ಹೇಳಿತು. ಕೋವಿಡ್ ನಡುವೆ ಮಕ್ಕಳು ಎರಡೆರಡು ಪರೀಕ್ಷೆ ಬರೆದರು.

ಹಾಗಾಗಿ ಬೇಗ ಅರ್ಜಿ ಹಾಕುವುದೆಂದರೆ ಒಂದೇ ಕಡೆ ಹಾಕಿ ಕಾಯುತ್ತ ಕೂರುವುದಲ್ಲ. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆಯಲ್ಲಿ ಸೀಟು ಸಿಗುವವರು ಕೆಲವೇ ಸಾವಿರ. ಉಳಿದವರ ಕೈಯಲ್ಲಿ ಇನ್ನೊಂದು ದಾರಿ ಇರಲೇಬೇಕು.

ಹುಬ್ಬಳ್ಳಿಯ ಕೊಡೆಯಡಿ

ಆ ಇನ್ನೊಂದು ದಾರಿಯ ಹೆಸರು ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಸ್ಥಾಪನೆಯಾದ ಮೇಲೆ, ಅದುವರೆಗೆ ಮೈಸೂರು, ಬೆಂಗಳೂರು, ಕರ್ನಾಟಕ ಮುಂತಾದ ವಿಶ್ವವಿದ್ಯಾಲಯಗಳಡಿ ಹಂಚಿಹೋಗಿದ್ದ ಲಾ ಕಾಲೇಜುಗಳು ಇದರ ಸಂಯೋಜನೆಗೆ ಬಂದವು. ಅಕ್ಕೂರಿನವರಿಗೆ ಹತ್ತಿರದ್ದು ರಾಮನಗರದ ಸರ್ಕಾರಿ ಕಾನೂನು ಕಾಲೇಜು. ಒಂದು ಕಡೆ ಮಂಡ್ಯದಲ್ಲಿ ಪಿಇಎಸ್ ಕಾನೂನು ಕಾಲೇಜು, ಮೈಸೂರಿನಲ್ಲಿ ಶಾರದಾ ವಿಲಾಸ, ವಿದ್ಯಾವರ್ಧಕ, ಜೆಎಸ್ಎಸ್. ಇನ್ನೊಂದು ಕಡೆ ಬೆಂಗಳೂರಿನಲ್ಲಿ ಬಿಎಂಎಸ್, ರೇಣುಕಾಚಾರ್ಯ, ವಿ.ವಿ. ಪುರಂ, ಕೆಎಲ್‌ಇ. ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ಚನ್ನಪಟ್ಟಣ ನಡುವೆ ಇರುವುದರಿಂದ ಎರಡೂ ದಿಕ್ಕಿಗೆ ಹೋಗಿಬರುವ ಸೌಕರ್ಯ ಈ ತಾಲ್ಲೂಕಿನವರಿಗಿದೆ.

ಇಲ್ಲಿ ಡಿಸೆಂಬರ್‌ನ ಗಡಿಬಿಡಿ ಇಲ್ಲ. ಐದು ವರ್ಷದ ಕೋರ್ಸಿನ ಸರ್ಕಾರಿ ಕೋಟಾದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅರ್ಜಿ ಕರೆದು, ಪಿಯುಸಿ ಅಂಕಗಳ ಮೇಲೆ ಹಂಚುತ್ತದೆ. ಉಳಿದವನ್ನು ಕಾಲೇಜುಗಳೇ ತುಂಬಿಕೊಳ್ಳುತ್ತವೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಇರಲೇಬೇಕು.

ಆತುರವಿಲ್ಲ ಎಂದರೆ ವಿಚಾರಿಸುವುದೇ ಬೇಡ ಎಂದಲ್ಲ. ಕಾಲೇಜಿಗೆ ಆ ವರ್ಷಕ್ಕೆ ಬಾರ್ ಕೌನ್ಸಿಲ್‌ನ ಅನುಮೋದನೆ ಇದೆಯೇ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆ. ಅನುಮೋದನೆ ಇಲ್ಲದ ಕಡೆ ಐದು ವರ್ಷ ಓದಿ ಬಂದರೆ ಸನ್ನದು ಪಡೆಯುವಾಗ ತೊಡಕು ತಪ್ಪಿದ್ದಲ್ಲ. ಐದು ವರ್ಷದ ಕೋರ್ಸಿದೆಯೋ, ಪದವಿ ಆದವರಿಗಿರುವ ಮೂರು ವರ್ಷದ್ದೋ, ಎರಡೂ ಇದೆಯೋ ಎಂಬುದು ಎರಡನೆಯದು. ಖಾಯಂ ಅಧ್ಯಾಪಕರು ಎಷ್ಟು, ಅಣಕು ನ್ಯಾಯಾಲಯ ನಿಜವಾಗಿ ನಡೆಯುತ್ತದೆಯೇ ಎಂಬುದನ್ನು ಪ್ರಾಸ್ಪೆಕ್ಟಸ್ ನೋಡಿ ತಿಳಿಯುವುದಕ್ಕಿಂತ ಈಗ ಅಲ್ಲಿ ಓದುತ್ತಿರುವ ಮೂರನೇ ವರ್ಷದವರನ್ನು ಕೇಳಿ ತಿಳಿಯುವುದು ವಾಸಿ. ನಿಯಮ ಪ್ರತಿ ವಿಷಯದಲ್ಲೂ ಶೇ 70 ಹಾಜರಿ ಕೇಳುತ್ತದೆ. ಬೆಳಿಗ್ಗೆ ಹಾಲು ಡೇರಿಗೆ ಹಾಕಿ, ಬಸ್ಸು ಹಿಡಿದು ಹೋಗಬೇಕಾದ ಮಗುವಿಗೆ ತರಗತಿ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂಬುದು ಕಾಲೇಜಿನ ಹೆಸರಿನಷ್ಟೇ ಮುಖ್ಯ.

ಹೊಸ ಕಾಲೇಜು ಬಂದೀತು, ಕಾಯೋಣ ಎನ್ನುವಂತೆಯೂ ಇಲ್ಲ. ಗುಣಮಟ್ಟ ಕುಸಿಯುತ್ತಿದೆ ಎಂಬ ಕಾರಣಕ್ಕೆ ಬಾರ್ ಕೌನ್ಸಿಲ್ 2025ರ ಆಗಸ್ಟ್‌ನಲ್ಲಿ ಹೊಸ ಕಾನೂನು ಕಾಲೇಜುಗಳಿಗೆ ಮೂರು ವರ್ಷ ತಡೆ ಹಾಕಿದೆ.

ಯಾವ ಭಾಷೆಯಲ್ಲಿ ವಾದ?

ಎರಡು ಬಾಗಿಲುಗಳ ನಡುವಿನ ದೊಡ್ಡ ಅಂತರ ಶುಲ್ಕದ್ದಲ್ಲ, ಭಾಷೆಯದು. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2023ರಲ್ಲೇ ದೆಹಲಿ ಹೈಕೋರ್ಟಿಗೆ ಹೋಗಿತ್ತು. ನಾಗರಭಾವಿಯಲ್ಲಿ ಪಾಠ, ಪ್ರಬಂಧ, ಚರ್ಚೆ ಎಲ್ಲವೂ ಇಂಗ್ಲಿಷ್. ಹುಬ್ಬಳ್ಳಿಯ ವಿಶ್ವವಿದ್ಯಾಲಯದ ಎಲ್‌ಎಲ್‌.ಬಿ. ಪ್ರಶ್ನೆಪತ್ರಿಕೆಗಳಲ್ಲಾದರೆ ಉತ್ತರಗಳನ್ನು ಪೂರ್ತಿಯಾಗಿ ಕನ್ನಡದಲ್ಲಿ ಇಲ್ಲವೇ ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಸೂಚನೆ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಾನೂನು ಪದವಿ ಮುಗಿಸುವುದನ್ನು ಸಾಧ್ಯವಾಗಿಸಿರುವುದು ಈ ಒಂದು ಸಾಲು.

ಕನ್ನಡದಲ್ಲಿ ಬರೆದರೆ ಮುಂದೆ ಹೈಕೋರ್ಟಿಗೆ ಹೋಗುವುದು ಹೇಗೆ ಎಂಬ ಅಳುಕು ಹೆತ್ತವರಿಗಿರುತ್ತದೆ. ಅದು ಸುಳ್ಳಲ್ಲ. ಹೈಕೋರ್ಟಿನ ಕಲಾಪ ಇಂಗ್ಲಿಷಿನದು, ತೀರ್ಪುಗಳ ಭಂಡಾರವೂ ಇಂಗ್ಲಿಷಿನದೇ. ಆದರೆ ಜನ ಮೊದಲು ಮೆಟ್ಟಿಲು ಹತ್ತುವುದು ಚನ್ನಪಟ್ಟಣ, ಕನಕಪುರ, ಮಾಗಡಿಗಳ ತಾಲ್ಲೂಕು ಕೋರ್ಟು, ರಾಮನಗರದ ಜಿಲ್ಲಾ ನ್ಯಾಯಾಲಯ. ಅಲ್ಲಿ ಬರುವ ಕಾಗದ ಪಹಣಿ, ಮ್ಯುಟೇಷನ್, ಪೋಡಿ ನಕ್ಷೆ, ವಿಭಾಗ ಪತ್ರ, ಮರಣಶಾಸನ. ಕಕ್ಷಿದಾರ ಮಾತನಾಡುವುದು ಕನ್ನಡ, ಸಾಕ್ಷಿ ನುಡಿಯುವುದು ಕನ್ನಡ. ಪಾಟೀಸವಾಲಿನಲ್ಲಿ ಅಕ್ಕೂರಿನ ರೈತನ ಬಾಯಿಂದ ಸತ್ಯ ಹೊರಡಿಸಲು ಆ ಸೀಮೆಯ ನುಡಿ ಬಲ್ಲವರೇ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಗೆ ಜಮೀನು ಹೋದ, ಬಿಡದಿ ಟೌನ್‌ಶಿಪ್‌ನ ಭೂಸ್ವಾಧೀನಕ್ಕೆ ರೈತರು ಬೀದಿಗಿಳಿದ ಜಿಲ್ಲೆಯಿದು. ಕನ್ನಡ ದಾಖಲೆಯನ್ನೂ ಇಂಗ್ಲಿಷ್ ಅಧಿಸೂಚನೆಯನ್ನೂ ಒಟ್ಟಿಗೆ ಓದಬಲ್ಲ ವಕೀಲರಿಗೆ ಇಲ್ಲಿ ಕೆಲಸದ ಬರವಿಲ್ಲ.

ನ್ಯಾಯಾಧೀಶರಾಗಬೇಕೆನ್ನುವವರಿಗೆ ಕನ್ನಡ ಇನ್ನೂ ಬೇಕು. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಭಾಷಾಂತರಕ್ಕೇ ಒಂದು ಪತ್ರಿಕೆ ಮೀಸಲು. ಮೇಲಿನ ಕೋರ್ಟಿನಲ್ಲೂ ಗಾಳಿ ಸ್ವಲ್ಪ ತಿರುಗಿದೆ: 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಹೈಕೋರ್ಟ್ ವಿಭಾಗೀಯ ಪೀಠ ಕನ್ನಡದಲ್ಲೇ ತೀರ್ಪು ನೀಡಿತು.

ಕಂಪನಿ ಕಾನೂನು, ಬೆಂಗಳೂರು–ಮುಂಬೈನ ದೊಡ್ಡ ಲಾ ಫರ್ಮ್, ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ಎಂದು ಕನಸಿರುವವರಿಗೆ ರಾಷ್ಟ್ರೀಯ ಕಾನೂನು ಶಾಲೆಯಂಥ ಏಣಿ ಇನ್ನೊಂದಿಲ್ಲ. ದೊಡ್ಡ ಫರ್ಮ್‌ಗಳು ಆಳು ಹುಡುಕುವುದು ಮೊದಲು ಅಲ್ಲೇ. ರಾಮನಗರದ ಕೋರ್ಟ್ ಆವರಣದಲ್ಲಿ ತನ್ನ ಬೋರ್ಡು ಹಾಕಬೇಕೆನ್ನುವವರಿಗೆ ಮಾತ್ರ, ಜಿಲ್ಲೆಯಲ್ಲೇ ಓದುತ್ತ ಐದು ವರ್ಷ ಆ ಆವರಣದ ಪರಿಚಯ ಮಾಡಿಕೊಳ್ಳುವುದು ಸಣ್ಣ ಲಾಭವಲ್ಲ. ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಬೇಕೆಂಬುದು ಬಾರ್ ಕೌನ್ಸಿಲ್ ನಿಯಮ. ಒಳ್ಳೆಯ ಸೀನಿಯರ್ ವಕೀಲರ ಕಚೇರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇವೆರಡೂ ರಾಮನಗರದಲ್ಲೇ ಸಿಗುತ್ತವೆ.

ತಡವಾಗಿ ಹೊರಟವರ ದಾರಿ

ಹದಿನೇಳಕ್ಕೇ ಬದುಕು ತೀರ್ಮಾನಿಸುವ ಈ ಪದ್ಧತಿ ಎಲ್ಲೆಡೆ ಇಲ್ಲ. ಅಮೆರಿಕದಲ್ಲಿ ಲಾ ಎಂಬುದು ಪದವಿಯ ನಂತರದ ಮೂರು ವರ್ಷದ ಓದು. ಅಲ್ಲಿರುವ ಕನ್ನಡಿಗರ ಮಕ್ಕಳು ಮೊದಲು ನಾಲ್ಕು ವರ್ಷ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಗಣಿತವನ್ನೋ ಓದುತ್ತಾರೆ. ಇಂಗ್ಲೆಂಡಿನಲ್ಲಿ ನಮ್ಮಂತೆಯೇ ಶಾಲೆ ಮುಗಿಸಿ ನೇರ ಲಾ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಅಕ್ಟೋಬರ್ ಮಧ್ಯದೊಳಗೆ ಅರ್ಜಿ ಹಾಕಿ, ಎಲ್‌ನ್ಯಾಟ್ ಎಂಬ ಪರೀಕ್ಷೆ ಬರೆಯಬೇಕು.

ನಮ್ಮಲ್ಲಿ ಎರಡು ಪದ್ಧತಿಯೂ ಉಂಟು. ಊರ ಹತ್ತಿರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ.ಯನ್ನೋ ಬಿ.ಕಾಂ.ಅನ್ನೋ ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸೇರಿದರೆ ಒಟ್ಟು ಆರು ವರ್ಷ. ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಇಂಗ್ಲಿಷ್ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ, ಮೊದಲ ಮೂರು ವರ್ಷದ ಖರ್ಚು ಕಡಿಮೆ, ಮನಸ್ಸು ಬದಲಾದರೆ ಕೈಯಲ್ಲೊಂದು ಪದವಿ ಉಳಿಯುತ್ತದೆ. ನಾಗರಭಾವಿಯೇ 2022ರಿಂದ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌.ಬಿ. ತೆರೆದಿದೆ, ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಬೇರೆ ಪರೀಕ್ಷೆ. ಪಿಯುಸಿಯಲ್ಲಿ ಕ್ಲಾಟ್ ತಪ್ಪಿಸಿಕೊಂಡವರಿಗೆ ಆ ಗೇಟು ಇನ್ನೊಮ್ಮೆ ತೆರೆದಿದೆ.

ಹಣ, ಕಾಗದ, ನಾಡಕಚೇರಿ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ವಾರ್ಷಿಕ ಖರ್ಚು ಲಕ್ಷಗಳ ಲೆಕ್ಕ. ಐದು ವರ್ಷಕ್ಕೆ ಅದು ಹತ್ತಾರು ಲಕ್ಷಕ್ಕೆ ಏರಬಹುದು. ಸಾಲ, ವಿದ್ಯಾರ್ಥಿವೇತನ, ಸಂಸ್ಥೆಯ ನೆರವು ಇವೆ. ಆದರೆ ಸೀಟು ಸಿಕ್ಕ ಮೇಲೆ ಅವನ್ನು ಹುಡುಕಲು ಹೊರಟರೆ ಶುಲ್ಕ ಕಟ್ಟುವ ಗಡುವು ಕಾಯುವುದಿಲ್ಲ. ಬಡ ಕುಟುಂಬಗಳ ಮಕ್ಕಳನ್ನು ಗುರುತಿಸಿ ಕ್ಲಾಟ್‌ಗೆ ತರಬೇತಿ ಕೊಡಲೆಂದೇ ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಶೀರ್ 2010ರಲ್ಲಿ ‘ಇಡಿಯಾ’ ಎಂಬ ಸಂಸ್ಥೆ ಕಟ್ಟಿದರು. ಕಾನೂನು ವಿದ್ಯಾರ್ಥಿಗಳೇ ಸ್ವಯಂಸೇವಕರಾಗಿ ಅದನ್ನು ನಡೆಸುತ್ತಾರೆ, ಕರ್ನಾಟಕದಲ್ಲೂ ಅದರ ಘಟಕವಿದೆ. ಸರ್ಕಾರಿ ಲಾ ಕಾಲೇಜಿನ ಶುಲ್ಕ ರಾಷ್ಟ್ರೀಯ ಸಂಸ್ಥೆಗಳ ಖರ್ಚಿನೆದುರು ನಗಣ್ಯ. ದಿನಾ ಓಡಾಡಿ ಓದುವವರಿಗೆ ಹಾಸ್ಟೆಲ್ ಖರ್ಚೂ ಇಲ್ಲ.

ಕಾಗದಪತ್ರದ ವಿಷಯದಲ್ಲಿ ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ರಾಜ್ಯದ ಸೀಟು ಹಂಚಿಕೆಗೆ ನಾಡಕಚೇರಿ ಕೊಡುವ 2ಎ, 3ಎ ಮುಂತಾದ ಜಾತಿ–ಆದಾಯ ಪ್ರಮಾಣಪತ್ರ ಸಾಕು. ರಾಷ್ಟ್ರೀಯ ಸಂಸ್ಥೆಗಳು ಹಿಂದುಳಿದ ವರ್ಗಕ್ಕೆ ಕೇಳುವುದು ಕೇಂದ್ರದ ಪಟ್ಟಿಯ ಒಬಿಸಿ ಪ್ರಮಾಣಪತ್ರ. ಎರಡು ಪಟ್ಟಿ ಒಂದೇ ಅಲ್ಲ. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದಲ್ಲೂ ಇದೆ ಎಂದುಕೊಂಡು ಅರ್ಜಿ ಹಾಕಿ, ದಾಖಲೆ ಪರಿಶೀಲನೆಯ ದಿನ ಬರಿಗೈಲಿ ವಾಪಸಾಗುವ ಸಂದರ್ಭ ಬರಬಾರದು. ಯಾವ ಮೀಸಲಾತಿಯೂ ಇಲ್ಲದ, ಆದಾಯ ಕಡಿಮೆಯಿರುವ ಕುಟುಂಬದವರು ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರ ಮಾಡಿಸಬಹುದು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರಿಗೆ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ ಮೇಲುಸಹಿ ಬೇಕು. ಎರಡು ಮೂರು ಶಾಲೆ ಬದಲಿಸಿದ್ದರೆ ಅಷ್ಟೂ ಕಡೆ ಓಡಾಡಬೇಕು. ಈ ಕೆಲಸಕ್ಕೆ ಜೂನ್–ಜುಲೈ ಸರಿಯಾದ ತಿಂಗಳು.

ಪದವಿ ಕೈಗೆ ಬಂದ ಮೇಲೆ

ಎಲ್ಲಿ ಓದಿದರೂ ಕೊನೆಗೆ ಎಲ್ಲರೂ ದಾಟಬೇಕಾದ ಹೊಸ್ತಿಲು ಒಂದೇ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆ. 2011ರಲ್ಲಿ ಶುರುವಾದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನೋಂದಣಿಗೆ ರಾಜ್ಯ ಪರಿಷತ್ತುಗಳು ಹತ್ತಾರು ಸಾವಿರ ರೂಪಾಯಿ ವಸೂಲು ಮಾಡುತ್ತಿದ್ದ ಕಾಲವಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ವಕೀಲರ ಕಾಯ್ದೆಯಲ್ಲಿರುವಂತೆ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಕಡಿವಾಣ ಹಾಕಿತು. ಹಳ್ಳಿಯಿಂದ ಬರುವ ಹೊಸ ವಕೀಲರಿಗೆ ಈಚಿನ ವರ್ಷಗಳಲ್ಲಿ ಸಿಕ್ಕ ದೊಡ್ಡ ಉಪಕಾರ ಇದು.

ನ್ಯಾಯಾಧೀಶರ ಹುದ್ದೆಯ ಲೆಕ್ಕ ಮಾತ್ರ ಬದಲಾಗಿದೆ. ಕಾಲೇಜಿನಿಂದ ನೇರವಾಗಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವ ಅವಕಾಶವನ್ನು ಸುಪ್ರೀಂ ಕೋರ್ಟ್ 2025ರ ಮೇ 20ರ ತೀರ್ಪಿನಲ್ಲಿ ಮುಚ್ಚಿದೆ. ಇನ್ನು ಮುಂದೆ ಮೂರು ವರ್ಷದ ವಕೀಲಿಕೆ ಕಡ್ಡಾಯ. ಆ ಮೂರು ವರ್ಷ ಜೂನಿಯರ್ ವಕೀಲರ ಕೈಗೆ ಸಿಗುವುದು ಬಸ್ ಚಾರ್ಜಿಗೇ ಸರಿ ಎಂಬುದು ಯಾವ ತಾಲ್ಲೂಕು ಕೋರ್ಟಿನ ಕ್ಯಾಂಟೀನಿನಲ್ಲಿ ಕೇಳಿದರೂ ಗೊತ್ತಾಗುತ್ತದೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಶಿಷ್ಯವೇತನ ಕೊಡುತ್ತವೆ. ಅದಕ್ಕೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಗಡುವು. ಐದು ವರ್ಷಕ್ಕೆ ಸಾಲ ಮಾಡುವಾಗ ಆಮೇಲಿನ ಈ ಮೂರು ವರ್ಷವನ್ನೂ ಸೇರಿಸಿ ಲೆಕ್ಕ ಹಾಕುವುದು ಜಾಣತನ. ಲಾ ಫರ್ಮಿನ ಸಂಬಳ ನಂಬಿ ಮಾಡಿದ ಸಾಲವನ್ನು ತಾಲ್ಲೂಕು ಕೋರ್ಟಿನ ಫೀಸಿನಲ್ಲಿ ತೀರಿಸುವುದು ಕಷ್ಟ.

ಎಲ್ಲ ಕೂಡಿಸಿ ಕಳೆದರೆ ಅಕ್ಕೂರಿನ ದ್ವಿತೀಯ ಪಿಯುಸಿ ವಿದ್ಯಾರ್ಥಿಗೆ ಹೇಳಬಹುದಾದದ್ದು ಇಷ್ಟು. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ ಅರ್ಥ ಮಾಡಿಕೊಳ್ಳಬಲ್ಲವರು ಕ್ಲಾಟ್ ಅರ್ಜಿ ಹಾಕದೆ ಇರಬಾರದು, ಶೇ 25ರ ಪಾಲು ಇರುವಾಗ ಅದನ್ನು ಬಿಡುವುದು ಸಲ್ಲದು. ಹಾಕಿದ ಮೇಲೆ ಪಿಯುಸಿ ಓದನ್ನು ಸಡಿಲಿಸಬಾರದು, ಏಕೆಂದರೆ ರಾಜ್ಯದ ಸೀಟು ಸಿಗುವುದು ಆ ಅಂಕದ ಮೇಲೆ. ಇಂಗ್ಲಿಷ್ ಇನ್ನೂ ತೊಡಕೆನಿಸಿದರೆ ಹತ್ತಿರದ ಸರ್ಕಾರಿ ಕಾಲೇಜು ಅಥವಾ ಪದವಿಯ ನಂತರದ ಮೂರು ವರ್ಷದ ಕೋರ್ಸು ಯಾವ ರೀತಿಯಲ್ಲೂ ಎರಡನೇ ದರ್ಜೆಯ ಆಯ್ಕೆಯಲ್ಲ.

ಇನ್ನೊಂದು ಮಾತು ಪಿಯು ಕಾಲೇಜುಗಳ ಉಪನ್ಯಾಸಕರಿಗೆ ಮತ್ತು ತಾಲ್ಲೂಕಿನ ವಕೀಲರ ಸಂಘಗಳಿಗೆ. ಪ್ರತಿ ವರ್ಷ ಆಗಸ್ಟ್‌ನ ಯಾವುದಾದರೂ ಒಂದು ಶನಿವಾರ, ದ್ವಿತೀಯ ಪಿಯುಸಿ ತರಗತಿಗೆ ಹೋಗಿ ಒಂದು ಗಂಟೆ ಈ ವಿಷಯ ಹೇಳಿ. ಕ್ಲಾಟ್ ಅರ್ಜಿಯ ಕೊನೆಯ ದಿನಾಂಕವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ. ಕರ್ನಾಟಕದ ವಿದ್ಯಾರ್ಥಿಗಳ ಮೀಸಲಾತಿ ಕೇಳಲು ಮರೆಯದಂತೆ ಕೆಂಪು ಶಾಯಿಯಲ್ಲಿ ಬರೆಯಿರಿ.